ಒರೆಸುಬಟ್ಟೆ ಮಾಮ
ಹೆಗಲ ಮೇಲೆ ಸದಾ ಒರೆಸುವ ಬಟ್ಟೆ ಹೊತ್ತೇ ಓಡಾಡುವ ಚರ್ಚಿನ ಪರಿಚಾರಕನಿಗೆ ಎಲ್ಲರೂ ಇಟ್ಟ ಹೆಸರು ಒರೆಸುಬಟ್ಟೆ ಮಾಮ. ದೇವರು ಈ ಮನೆ ಕಟ್ಟಿಸಿಕೊಂಡದ್ದು ನೆಲ ಹೊಳೆಯಲಿ ಎಂದೇ ಹೊರತು ಜನ ಬಂದು ತುಳಿಯಲಿ ಎಂದಲ್ಲ, ಇದು ಅವನ ಅಚಲ ವಿಶ್ವಾಸ. ಫಾದರ್ "ಚರ್ಚು ಅಂದ್ರೆ ಕಲ್ಲು ಗಾರೆ ಅಲ್ಲ, ನೀವೇ ಚರ್ಚು" ಎಂದಾಗಲೆಲ್ಲ ಮೂಗು ಮುರಿಯುತ್ತಾನೆ: "ಹೌದೌದು, ಕಲ್ಲು ಗಾರೆ ಎಲ್ಲೆಂದ್ರಲ್ಲಿ ಮೇಣ ಸುರಿಸಲ್ವಲ್ಲ!" ಮದುವೆಯಾದರೆ ಹೂವಿನ ಕಸ, ಮಗುವಿನ ತಲೆಗೆ ನೀರೆರೆದು ಜ್ಞಾನಸ್ನಾನವಾದರೆ ನೆಲವೆಲ್ಲ ರಾಡಿ, ಸಾವಾದರೆ ಊರವರೆಲ್ಲರ ಕೆಸರುಗಾಲು, ಮನುಷ್ಯರು ಹುಟ್ಟಿ ಸಾಯುವುದೇ ತನ್ನ ಸೊಂಟ ಮುರಿಯಲಿಕ್ಕೆ ಎಂದು ಗೊಣಗುತ್ತಾನೆ. ಅವನ ಕಡುವೈರಿಯೆಂದರೆ ಕೊನೆಯ ಬೆಂಚಿನ ಮುದುಕ ದರ್ಜಿ. ಫಾದರ್ ಪ್ರಬೋಧನೆ ಶುರುಮಾಡಿದ್ದೇ ತಡ, ಗೋಡೆಗೆ ತಲೆಯಾನಿಸಿ ಗೊರಕೆ; ಎದ್ದುಹೋದ ಮೇಲೆ ಗೋಡೆಯಲ್ಲಿ ಅಂಗೈಯಗಲದ ಎಣ್ಣೆ ಕಲೆ. ಮಾಮ ಇಪ್ಪತ್ತು ವರ್ಷ ಪ್ರತಿ ಭಾನುವಾರ ಬಾಯಿಗೆ ಬಂದಂತೆ ಬೈಯುತ್ತ ತಿಕ್ಕಿದರೂ ಕಲೆ ಹೋಗಲಿಲ್ಲ. ಹೋದ ಚಳಿಗಾಲದಲ್ಲಿ ದರ್ಜಿಯೇ ತೀರಿಕೊಂಡ. ಮೊನ್ನೆ ಗೋಡೆಗೆಲ್ಲ ಬಣ್ಣ ಹೊಡೆಸಿದರು. ಬಣ್ಣದವನು ಕೊನೆಯ ಬೆಂಚಿನ ಹತ್ತಿರ ಬ್ರಷ್ ಎತ್ತಿದ್ದೇ ಮಾಮ ಓಡಿಬಂದು ಅವನ ಕೈ ಹಿಡಿದ. "ಅಷ್ಟು ಜಾಗ ಬಿಟ್ಬಿಡಪ್ಪ," ಎಂದ, ದನಿ ತಗ್ಗಿಸಿ. "ಅಲ್ಲೊಬ್ರು ಮಲ್ಗಿದ್ದಾರೆ."