ಮಲ್ಲಪ್ಪನವರು ಅಳೆದ ಗುಂಡಿನ ಆಳ

ಬೆಳಗಿನ ಆರೂವರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಒಂದು ಗಂಟೆ ದೂರದ ಗುಂಡು ಹಾರಿಸುವ ಮೈದಾನದಲ್ಲಿ ಮಲ್ಲಪ್ಪ ಪ್ರಾಣಿಯ ಮೈಗೆ ಬದಲಾಗಿ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ನೀರಲ್ಲಿ ನೆನೆಸಿ ಸಾಲಾಗಿ ಜೋಡಿಸುತ್ತಿದ್ದಾರೆ. ಐವತ್ತು ಮೀಟರ್ ಆಚೆಯಿಂದ ಮೂರು ರೈಫಲ್‌ಗಳಲ್ಲಿ ಒಂದೊಂದಾಗಿ ಗುಂಡು ಹಾರಿಸುತ್ತಾರೆ. ಆಮೇಲೆ ಮಂಡಿಯೂರಿ ಕಾಗದ ಬಗೆದು, ಗುಂಡು ಎಷ್ಟು ಒಳಹೊಕ್ಕಿದೆಯೆಂದು ಅಳೆಯುತ್ತಾರೆ. ಒಂದು ಮುಂಜಾನೆಗೆ ಇಪ್ಪತ್ತನಾಲ್ಕು ಗುಂಡು. ನಾಲ್ಕು ವರ್ಷದಲ್ಲಿ ಹನ್ನೊಂದು ನೋಟ್‌ಬುಕ್ ತುಂಬಿವೆ.

ಐವತ್ತೆರಡರ ಮಲ್ಲಪ್ಪ ಧಾರವಾಡದ ಕಡೆಯವರು, ಸೈನ್ಯದಲ್ಲಿ ಬಂದೂಕು ದುರಸ್ತಿ ಮಾಡುತ್ತಿದ್ದವರು. ಪತ್ನಿ ಉಮಾ ಇಲ್ಲಿನ ಆಸ್ಪತ್ರೆಗೆ ನರ್ಸ್ ಆಗಿ ಬಂದಾಗ ಜೊತೆಗೆ ಬಂದರು. ಎರಡು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತರು. ಕೊನೆಗೆ ಒಂದು ಬಂದೂಕಿನ ಅಂಗಡಿಯ ಹಿಂದಿನ ಕೋಣೆ ಸೇರಿದರು. ಆಫ್ರಿಕಾಕ್ಕೆ ದೊಡ್ಡ ಬೇಟೆಗೆ ಹೋಗುವ ಗಿರಾಕಿಗೆ ಯಾವ ತೋಟಾ ಹೊಂದುತ್ತದೆಂದು ಹೋಲಿಸಿ ಹೇಳುವುದು ಅವರ ಕೆಲಸ. ತೋಟಾಗಳನ್ನು ಅವರು ಅಳತೆಯ ಅಂಕಿಯಿಂದಲೇ ಕರೆಯುತ್ತಾರೆ.

“ಮುನ್ನೂರ ಮೂವತ್ತೆಂಟು ದೂರ ಹೋಗ್ತದ್ರಿ. ಮುನ್ನೂರ ಎಪ್ಪತ್ತೈದು ಕಾಡೆಮ್ಮಿಗೆ ಸೈ, ಆದ್ರ ಹೆಗಲಿಗೆ ಒದೀತದ. ಹೆದರಿ ಕಣ್ಣು ಮುಚ್ಚಿ ಹೊಡಿಯೋರಿಗೆ ಅದ್ಯಾಕ? ಒಂಬತ್ತು ಪಾಯಿಂಟ್ ಮೂರು ಮೆತ್ತಗ ಒದೀತದ, ಆಳಕ್ಕ ಇಳೀತದ.”

ಈ ಮಾತೇ ಎರಡು ವರ್ಷದ ಹಿಂದೆ, 2014ರಲ್ಲಿ, ಬೇಟೆಗಾರರ ಪತ್ರಿಕೆಯೊಂದರಲ್ಲಿ ಆರು ಪುಟದ ಲೇಖನವಾಗಿ ಬಂತು. ಅಂಕಿಗಳು ಮಲ್ಲಪ್ಪನವರವು. ಹೆಸರು, ರೈಫಲ್ ಹಿಡಿದ ಫೋಟೋ ಮಾತ್ರ ಅಂಗಡಿಯ ಮುಂದಿನ ಕೌಂಟರಿನ ಸಹೋದ್ಯೋಗಿಯದು. ಈಗ ಕ್ಲಬ್ಬುಗಳು ಭಾಷಣಕ್ಕೆ ಕರೆಯುವುದೂ ಆತನನ್ನೇ.

“ಆ ಫೋಟೋ ನೋಡಿ ಎರಡು ದಿನ ಊಟ ಸೇರ್ಲಿಲ್ರಿ. ಹೊಟ್ಟಿಕಿಚ್ಚು. ಮತ್ತೇನ್ ಅನ್ಲಿ ಅದಕ್ಕ?” ಕೆಲಸ ಬಿಡಿ ಎಂದು ಉಮಾ ಎಷ್ಟೋ ಸಲ ಹೇಳಿದ್ದಾರಂತೆ. ನೋಟ್‌ಬುಕ್‌ಗಳನ್ನು ಆತನ ಕೈಗೆ ಬಿಟ್ಟು ಹೋಗಲು ಮಲ್ಲಪ್ಪನವರಿಗೆ ಮನಸ್ಸಿಲ್ಲ.

ಕಳೆದ ವಸಂತದಲ್ಲಿ ಆತನ ಎರಡನೆಯ ಲೇಖನದ ಕರಡು ಪತ್ರಿಕೆಯಿಂದ ಪರಿಶೀಲನೆಗೆಂದು ಅಂಗಡಿಗೆ ಬಂತು. ಪಟ್ಟಿಯಲ್ಲಿ ತೋಟಾಗೆ ತುಂಬುವ ಮದ್ದಿನ ತೂಕದ ಎರಡು ಅಂಕಿ ಅದಲುಬದಲಾಗಿದ್ದವು. ಅದನ್ನು ನಂಬಿ ತೋಟಾ ತುಂಬಿದವನ ರೈಫಲ್ ಮುಖದ ಹತ್ತಿರವೇ ಸಿಡಿಯಬಹುದಿತ್ತು. ಸಹೋದ್ಯೋಗಿ ಗಮನಿಸಲಿಲ್ಲ, ಮಲ್ಲಪ್ಪ ಗಮನಿಸಿದರು. ಅಚ್ಚಿಗೆ ಎರಡೇ ದಿನ ಉಳಿದಿತ್ತು.

“ಒಂದು ದಿನ ಸುಮ್ನ ಕೂತ್ನಿ. ಸುಳ್ ಯಾಕ ಹೇಳ್ಲಿ, ಖುಷಿ ಆಗಿತ್ತು. ಅವನ ಮಾನ ಹೋಗ್ತದ ಅಂತ. ಆಮ್ಯಾಲೆ ಯಾರದೋ ಕಣ್ಣು ಹೋದಂಗ ಕನಸು ಬಿತ್ತು.”

ಮರುದಿನ ಬೆಳಿಗ್ಗೆ ಅವರೇ ಪತ್ರಿಕೆಗೆ ಫೋನ್ ಮಾಡಿ, ಅಂಗಡಿಯಿಂದ ಎಂದಷ್ಟೇ ಹೇಳಿ ತಿದ್ದಿಸಿದರು. ಆ ಸಂಚಿಕೆಯಲ್ಲಿ ಸಂಪಾದಕರು ಲೇಖಕರ ಎಚ್ಚರಿಕೆಗೆ ಧನ್ಯವಾದ ಹೇಳಿದರು. ಲೇಖಕರೆಂದರೆ ಅದೇ ಸಹೋದ್ಯೋಗಿ.

ಅಂದಿನಿಂದ ಮಲ್ಲಪ್ಪ ನೋಟ್‌ಬುಕ್ ಕೋಣೆಯಾಚೆ ಕೊಡುವುದಿಲ್ಲ. ಬೇಕಾದವರು ಒಳಗೆ ಬಂದು, ನಿಂತುಕೊಂಡೇ ಬರೆದುಕೊಳ್ಳಬೇಕು. ಅಲ್ಲಿ ಎರಡನೆಯ ಕುರ್ಚಿ ಇಲ್ಲ.

ಅವರ ಬಗ್ಗೆ ಬರೆಯಲು ಬಂದಿದ್ದ ನಾನು ಹೊರಟಾಗ ಮಲ್ಲಪ್ಪ ಕಾರಿನವರೆಗೂ ಬರುತ್ತಾರೆ. “ನನ್ನ ಹೆಸರು ದೊಡ್ಡದಾಗಿ ಹಾಕ್ರಿ ಅಂತ ಕೇಳೂದಿಲ್ಲ,” ಎಂದು ದನಿ ತಗ್ಗಿಸುತ್ತಾರೆ. “ಅವನ ಹೆಸರು ಮಾತ್ರ ಬ್ಯಾಡ್ರಿ.”