ನನ್ನ ಹೆಂಡತಿ ಓದಿದ ಆತ್ಮಕಥೆ

ಸತ್ತವರ ಮೇಲೆ ಮತ್ಸರ ಸಲ್ಲದು. ಅದರಲ್ಲೂ ಸತ್ತು ಸಾವಿರ ವರ್ಷ ದಾಟಿದ ಸಂತರ ಮೇಲೆ ಖಂಡಿತ ಸಲ್ಲದು ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರ ಹೆಂಡತಿಯರು ಪುಸ್ತಕ ಓದುತ್ತಿರಲಿಲ್ಲವೆಂದು ಕಾಣುತ್ತದೆ.

ತಾಲ್ಲೂಕು ಕಚೇರಿಯ ಕೆಲಸದಿಂದ ನಿವೃತ್ತನಾಗಿ ಮಧುಗಿರಿಯಲ್ಲಿ ನೆಲೆನಿಂತ ಮೇಲೆ ನಾನು ನನ್ನ ಆತ್ಮಕಥೆ ಬರೆದೆ. ಕೊರಟಗೆರೆ, ಸಿರಾ, ಪಾವಗಡ, ಹೀಗೆ ವರ್ಗವಾದ ಊರಿಗೊಂದು ಅಧ್ಯಾಯ. ಸೋಲಾರ್ ಹಲಗೆಗಳು ಬರುವ ಮುಂಚಿನ, ಪಾವಗಡದ ಬಳಿಯ ವಳ್ಳೂರಿನ ಬಯಲನ್ನು ವರ್ಣಿಸುವುದಕ್ಕೇ ಎಷ್ಟೋ ಪುಟ ಹಿಡಿಯಿತು. ಮುಗಿದ ದಿನವೇ ಹಸ್ತಪ್ರತಿಯನ್ನು ಹೆಂಡತಿಯ ಕೈಗಿತ್ತೆ. ಮೊದಲು ಅವಳೇ ಓದಿ ಮೆಚ್ಚಬೇಕೆಂಬ ಆಸೆ. ಅಲ್ಲಲ್ಲಿ ತಿರುವಿ ನೋಡಿದಳು, ಕೊರಟಗೆರೆಯಿಂದ ಓದಲು ಹಿಡಿದಳು. ಅದರಲ್ಲಿ ನಾನು ಚನ್ನರಾಯನದುರ್ಗದ ಕೋಟೆ ಹತ್ತುವ ಮೊದಲೇ ಕನ್ನಡಕ ತೆಗೆದಿಟ್ಟಳು.

ಅದೇ ವಾರ ಗೆಳೆಯರೊಬ್ಬರು, ಆತ್ಮಕಥೆ ಬರೆಯುವವರು ಓದಲೇಬೇಕೆಂದು, ಪ್ರಾಚೀನ ಕಾಲದ ಕ್ರೈಸ್ತ ಸಂತನೊಬ್ಬನ ಆತ್ಮಕಥೆಯ ಕನ್ನಡ ಅನುವಾದ ಕೊಟ್ಟರು. ಮನುಷ್ಯ ಆಫ್ರಿಕದವನು, ಚಿಕ್ಕಂದಿನಲ್ಲಿ ಹಣ್ಣು ಕದ್ದವನು, ಯೌವನದಲ್ಲಿ ದಾರಿ ತಪ್ಪಿದವನು, ಕೊನೆಗೆ ಎಲ್ಲವನ್ನೂ ದೇವರ ಮುಂದೆ ಒಪ್ಪಿಸಿದವನು. ನಾನು ಎರಡು ಪುಟ ಓದಿ, ಆಕಳಿಸಿ, ಮೇಜಿನ ಮೇಲಿಟ್ಟೆ. ಹೆಂಡತಿ ಎತ್ತಿಕೊಂಡಳು.

ಮತ್ತೆ ಕೆಳಗಿಡಲಿಲ್ಲ. ಸಾರು ಕುದಿಯುವಾಗಲೂ ಓದಿದಳು. ಅವರೆಕಾಯಿ ಸುಲಿಯಲು ಬರುವ ಪಕ್ಕದ ಮನೆಯಾಕೆಗೆ ಕಥೆಯಾಗಿ ಹೇಳಿದಳು. ಆಕೆ ಬಾಗಿಲಲ್ಲೇ ಕೇಳುವಳು:

"ಅಕ್ಕ, ಆ ಹುಡ್ಗ ದಾರಿಗೆ ಬಂದ್ನಾ?"

"ಎಲ್ಲಿ ಬಂದ ಕಣಮ್ಮ! ಅವ್ರಮ್ಮನ ಕಣ್ತಪ್ಪಿಸಿ ಹಡಗು ಹತ್ಬುಟ್ಟವ್ನೆ. ಆ ತಾಯಿ ದಡದಾಗೆ ನಿಂತ್ಕಂಡು ಅಳ್ತಾವ್ಳೆ."

"ಅಯ್ಯೋ, ಅವ್ನ ಮನೆ ಹಾಳಾಗ!"

ನಾನು ಪಾವಗಡಕ್ಕೆ ವರ್ಗವಾದಾಗ ನನ್ನ ತಾಯಿಯೂ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅತ್ತಿದ್ದಳು. ಆ ಪುಟದವರೆಗೆ ಯಾರೂ ಬಂದಿರಲಿಲ್ಲ.

ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿಯೇಬಿಟ್ಟೆ. "ಅಂಥಾದ್ದೇನೈತೆ ಅದ್ರಲ್ಲಿ?"

"ಅವ್ನು ತನ್ ತಪ್ಪು ತಾನೇ ಹೇಳ್ಕಂತಾನೆ ಕಣ್ರೀ. ನಿಮ್ದ್ರಲ್ಲಿ ತಪ್ಪೆಲ್ಲ ಮೇಲಿನ ಸಾಹೇಬ್ರದ್ದೇ."

"ಅವ್ನೇನು ಸಾಚಾನಾ? ಅಷ್ಟು ವರ್ಷ ಜೊತೆಗಿದ್ದೋಳ್ನ ಕಳಿಸ್ಬುಟ್ಟ. ಅವ್ಳ ಹೆಸ್ರೂ ಬರ್ದಿಲ್ಲ." ಈ ಒಂದು ಕುಂದನ್ನು ಹುಡುಕಲೆಂದೇ ಅವಳು ಸಂತೆಗೆ ಹೋದಾಗ ನಾನು ಪುಸ್ತಕ ತಿರುವಿದ್ದೆ.

"ಬರ್ದಿಲ್ಲ, ನಿಜ. ಆದ್ರೆ ಅವ್ಳು ಹೋದಾಗ ಸಂಕಟಪಟ್ಟವ್ನೆ. ನೀವು ನನ್ ಹೆಸ್ರು ಬರ್ದಿದೀರ, ರೇಷನ್ ಕಾರ್ಡ್‌ನಾಗೆ ಬರ್ದಂಗೆ."

ನಾನು ಗಂಭೀರವಾಗಿ ಎದ್ದು ಬೆಟ್ಟದ ಕಡೆ ತಿರುಗಾಡಲು ಹೋದೆ. ಒಬ್ಬ ಪರದೇಶದ ಮುದುಕ ಮಾಡಬಲ್ಲದ್ದನ್ನು ಮೈಸೂರು ಸೀಮೆಯ ಸರ್ಕಾರಿ ನೌಕರ ಮಾಡಲಾರನೇ? ಮನೆಗೆ ಬಂದವನೇ ಹೊಸ ಪುಟವೊಂದನ್ನು ಬರೆದೆ. ಸಿರಾದಲ್ಲಿ ಅವಳು ಜ್ವರದಿಂದ ಮಲಗಿದ್ದಾಗ ನಾನು ಕಚೇರಿಯೇ ಹೆಚ್ಚೆಂದು ಹೋಗಿದ್ದನ್ನು, ಯಾವ ಸಾಹೇಬರ ಮೇಲೂ ಹಾಕದೆ, ಪಶ್ಚಾತ್ತಾಪದ ಸಮೇತ ಬರೆದೆ. ಬರೆಯುವಾಗ ನನಗೇ ಕಣ್ಣು ಒದ್ದೆಯಾಯಿತು. ಸಂತನನ್ನು ಹಿಂದೆ ಹಾಕಿದೆನೆಂದುಕೊಂಡೆ.

ಅವಳು ಪುಟವನ್ನು ನಿಂತುಕೊಂಡೇ ಓದಿದಳು.

"ರೀ, ಸಿರಾದಲ್ಲಿ ಜ್ವರ ಬಂದಿದ್ದು ನಂಗಲ್ಲ, ನಿಮ್ ತಂಗಿಗೆ. ನೋಡ್ಕಂತಿದ್ದೋಳು ನಾನು."

ಆ ಪುಟವನ್ನು ತೆಗೆದುಹಾಕಿದ್ದೇನೆ. ಅವಳು ಸಂತನ ಆತ್ಮಕಥೆಯನ್ನು ಎರಡನೆಯ ಸಲ ಓದುತ್ತಿದ್ದಾಳೆ.