ಫೈನಲ್ ದಿನದ ಬಿಸಿಬೇಳೆ ಬಾತ್

ಕಡೂರಿನಿಂದ ಯಾತ್ರೆಗೆ ಜನರನ್ನು ಕರೆದುಕೊಂಡು ಹೋಗುವ ಯಜಮಾನರೊಬ್ಬರ ಬಳಿ ನಾನು ಅಡುಗೆ ಕೆಲಸ ಮಾಡುತ್ತೇನೆ. ನನ್ನೂರು ತರೀಕೆರೆ. ಕಾಶಿಗೆ ಹೋದರೂ ನೇಪಾಳಕ್ಕೆ ಹೋದರೂ ನಮ್ಮ ಜನಕ್ಕೆ ನಮ್ಮ ಊಟವೇ ಆಗಬೇಕು. ಅದಕ್ಕೇ ಪಾತ್ರೆ, ಒಲೆ, ಸಾರಿನ ಪುಡಿ ಎಲ್ಲವೂ ನಮ್ಮ ಜೊತೆಗೇ ಬರುತ್ತವೆ. ನನಗೆ ಈ ಕೆಲಸ ಕಲಿಸಿದವರು ಬುಕ್ಕಾಂಬುಧಿಯ ಹಿರಿಯ ಅಡುಗೆಯವರು. ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆ. ಪ್ರತಿ ಯಾತ್ರೆಗೂ ಅವರೇ ಮುಖ್ಯ ಅಡುಗೆಯವರು, ನಾನು ಅವರ ಕೈಕೆಳಗೆ.

ಆ ಸಲ ಕಠ್ಮಂಡುವಿನಲ್ಲಿ ಒಂದು ಲಾಡ್ಜಿನಲ್ಲಿ ಇಳಿದಿದ್ದೆವು. ಅವತ್ತು ಸಂಜೆ ಅದೇ ಊರಿನಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಫೈನಲ್, ನೇಪಾಳಕ್ಕೂ ಬಾಂಗ್ಲಾದೇಶಕ್ಕೂ. ಲಾಡ್ಜಿನ ಓನರಮ್ಮ ಹಾಲ್‌ನಲ್ಲಿ ಟಿವಿ ಹಾಕಿ, ಕೆಲಸದವರನ್ನೆಲ್ಲ ಕೂರಿಸಿಕೊಂಡಿದ್ದರು. ದೇವಸ್ಥಾನ ಸುತ್ತಿ ಬಂದ ನಮ್ಮವರೂ ಕಾಲು ಚಾಚಿ ಅಲ್ಲೇ ಕೂತರು. ಲಕ್ಕವಳ್ಳಿ ಡ್ಯಾಮಿನಲ್ಲಿ ಕೆಲಸ ಮಾಡಿ ರಿಟೈರ್ ಆದವರೊಬ್ಬರು ಆಟದ ನಿಯಮ ವಿವರಿಸುತ್ತಿದ್ದರು. ಅದು ಸರಿಯೋ ತಪ್ಪೋ ಯಾರಿಗೂ ಗೊತ್ತಿರಲಿಲ್ಲ.

ಹಿಂದಿನ ಅಡುಗೆಮನೆಯಲ್ಲಿ ನಾನು ಬಿಸಿಬೇಳೆ ಬಾತ್ ತಿರುವುತ್ತಿದ್ದೆ. ಅಣ್ಣ ಗಂಜಿಯ ಲೋಟ ಹಿಡಿದು ಹೊರಟರು.

"ಲೇ, ಮೇಲಿನ ರೂಮಿನ ಅಮ್ಮಂಗೆ ಹೊಟ್ಟೆ ಕೆಟ್ಟೈತಂತೆ. ಕುಡಿಸಿ, ಸ್ವಲ್ಪ ಹೊತ್ತು ನೋಡ್ಕಂಡು ಬತ್ತೀನಿ. ಬಾತ್ ಬಿಟ್ಟು ಎಲ್ಲೂ ಹೋಗ್ಬೇಡ ಕಣೋ."

ಆಯ್ತಣ್ಣ ಅಂದೆ. ಅವರು ಮೆಟ್ಟಿಲು ಹತ್ತಿದ ಸ್ವಲ್ಪ ಹೊತ್ತಿಗೆ ಹಾಲ್‌ನಲ್ಲಿ ದೊಡ್ಡ ಸದ್ದು. ಉರಿ ಸಣ್ಣ ಮಾಡಿ, ಒಂದು ನಿಮಿಷ ಇಣುಕಿ ಬರೋಣ ಅಂತ ಹೋದೆ. ಹೈಸ್ಕೂಲಿನಲ್ಲಿ ನಾನೂ ಚೆಂಡು ಒದ್ದವನೇ.

ಬಾಂಗ್ಲಾದೇಶ ಮೊದಲ ಗೋಲು ಹೊಡೆದಿತ್ತು. ಮೂಲೆಯಲ್ಲಿ ಆ ದೇಶದ ಗಂಡ ಹೆಂಡತಿ ಇಬ್ಬರು ಪ್ರವಾಸಿಗರು ಕೂತಿದ್ದರು. ಎಲ್ಲರೂ ತಮ್ಮ ಕಡೆ ತಿರುಗಿದ್ದು ನೋಡಿ, ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಆಕೆ ಮಡಿಲಲ್ಲಿ ಇಟ್ಟುಕೊಂಡಳು. ಇನ್ನೇನು ಹೊರಡಬೇಕು ಅನ್ನುವಾಗ ನೇಪಾಳದ ಹುಡುಗಿಯೊಬ್ಬಳು ಗೋಲು ಹೊಡೆದಳು. ಓನರಮ್ಮ ಎದ್ದು ನಿಂತು ಕೂಗಿದರು. ಸಖರಾಯಪಟ್ಟಣದ ಅಜ್ಜಿಯೊಬ್ಬರು, "ಪಾಪ, ಹೆಂಗೆ ಓಡ್ತವೆ. ಒಂದ್ಲೋಟ ಮಜ್ಜಿಗೆ ಕೊಡೋರಿಲ್ವಾ ಆ ಮಕ್ಕಳಿಗೆ?" ಅಂದರು. ಎಲ್ಲರೂ ನಕ್ಕರು. ನಾನೂ ನಗುತ್ತಾ ಅಲ್ಲೇ ನೆಲದ ಮೇಲೆ ಕೂತೆ. ಬಾತ್ ನೆನಪಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ನೆನಪಾಯಿತು, ಇನ್ನೊಂದು ಚೂರು ನೋಡೋಣ ಅನ್ನಿಸಿತು.

ಬಾಂಗ್ಲಾದೇಶ ಮತ್ತೊಂದು ಗೋಲು ಹೊಡೆದು ಗೆದ್ದಿತು. ಓನರಮ್ಮ ಕಣ್ಣೊರೆಸಿಕೊಂಡು ಹೋಗಿ, ಮೂಲೆಯ ಆ ದಂಪತಿಗೆ ತಾವೇ ಚಹಾ ತಂದುಕೊಟ್ಟರು. ಅಷ್ಟು ಹೊತ್ತಿಗೆ ಸೀದ ವಾಸನೆ ಬಂತು.

ನಾನು ಓಡಿಹೋದಾಗ ಅಣ್ಣ ಪಾತ್ರೆ ಇಳಿಸಿ, ಸೌಟಿನಲ್ಲಿ ಮೇಲಿನದನ್ನು ತೆಗೆಯುತ್ತಿದ್ದರು. ತಳ ಪೂರಾ ಹಿಡಿದಿತ್ತು. ಅಲ್ಲಿಯವರೆಗೆ ಹೊರಗೆಲ್ಲೋ ಹೋಗಿದ್ದ ಯಜಮಾನರೂ ನನ್ನ ಬೆನ್ನಿಗೇ ಬಂದರು.

"ಇದೇನ್ರೀ? ನಲವತ್ತು ಜನ ಹಸ್ಕೊಂಡು ಕೂತವ್ರೆ. ವಯಸ್ಸಾಯ್ತು, ನಿಮಗೆ ವಾಸನೆನೂ ತಿಳಿಯಲ್ವಾ?"

ಅಣ್ಣ ನನ್ನ ಮುಖ ನೋಡಿದರು. ನಾನು ಬಗ್ಗಿ ತಟ್ಟೆ ಜೋಡಿಸತೊಡಗಿದೆ. ಸ್ವಲ್ಪ ಕಾದು ಅವರು, "ತಪ್ಪಾಯ್ತು ಸ್ವಾಮಿ. ಅವಲಕ್ಕಿ ಕಲಸಿ ಕೊಡ್ತೀನಿ" ಅಂದರು. ಕಲಸುವಾಗ, ಉಪ್ಪು ಸರಿಯಿದೆಯಾ ನೋಡು ಅಂತ ಎಂದಿನಂತೆಯೇ ನನ್ನ ಕೈಗೆ ಒಂದು ತುತ್ತು ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದ ಮೇಲೆ ಮುಂದಿನ ಕಾಶಿ ಯಾತ್ರೆಗೆ ಯಜಮಾನರು ನನ್ನೊಬ್ಬನಿಗೇ ಫೋನ್ ಮಾಡಿದರು. "ಇನ್ಮೇಲೆ ನೀನೇ ಮುಖ್ಯ ಅಡುಗೆಯವನು" ಅಂದರು. ಆಗಲಾದರೂ ಹೇಳಬಹುದಿತ್ತು. ಹೂಂ ಅಂದೆ. ಆ ಯಾತ್ರೆಗೆ, ನೇಪಾಳದಲ್ಲಿ ಗಂಜಿ ಕುಡಿದಿದ್ದ ಅಮ್ಮನೂ ಬಂದಿದ್ದರು. ಆ ಅಣ್ಣ ಯಾಕೆ ಬರಲಿಲ್ಲ ಅಂತ ಕೇಳಿದರು. ಮಂಡಿನೋವು ಅಂದೆ.

ಆ ಸುಳ್ಳಾದ ಮೇಲೆ ತಡೆಯಲಾಗಲಿಲ್ಲ. ಹಿಂದಿರುಗಿದ ವಾರವೇ ಅಜ್ಜಂಪುರಕ್ಕೆ ಹೋಗಿ, ಅಲ್ಲಿಂದ ಬುಕ್ಕಾಂಬುಧಿಗೆ ಬಸ್ಸು ಹತ್ತಿದೆ. ಅಣ್ಣ ಜಗಲಿಯಲ್ಲಿ ಕೂತು ಯಾರದೋ ನಾಮಕರಣದ ಅಡುಗೆಗೆ ಸಾಮಾನಿನ ಪಟ್ಟಿ ಬರೆಯುತ್ತಿದ್ದರು. ಕಾಫಿ ತರಿಸಿದರು.

"ಅಣ್ಣಾ, ಅವತ್ತು ನಾನು ಆಟ ನೋಡಕ್ಕೆ ಹೋಗಿದ್ದೆ" ಅಂದೆ.

"ಗೊತ್ತು. ಟಿವಿ ಮುಂದೆ ಕೂತಿದ್ದು ಮೆಟ್ಲು ಇಳಿಯೋವಾಗ ಕಂಡಿತ್ತು."

"ಮತ್ತೆ ಯಜಮಾನ್ರಿಗೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅನ್ಕಂಡಿದ್ದೆ." ಪಟ್ಟಿ ಮಡಚಿ ಜೇಬಿಗಿಟ್ಟರು. "ಅವತ್ತೇ ಹೇಳಿದ್ರೆ ಇಬ್ರೂ ಬೈಸ್ಕೊಂಡು ಸುಮ್ನಾಗ್ತಿದ್ವಿ. ಈಗ ಹೇಳಿ ಏನ್ ಮಾಡ್ತೀಯ?"

ಮರುದಿನ ಕಡೂರಿಗೆ ಹೋಗಿ ಯಜಮಾನರಿಗೂ ಹೇಳಿದೆ. ಅವರು ನಕ್ಕುಬಿಟ್ಟರು. "ಹಳೇದು ಬಿಡಪ್ಪಾ. ಹೆಂಗಿದ್ರೂ ಅವರಿಗೆ ವಯಸ್ಸಾಗಿತ್ತು" ಅಂದರು. ಅಣ್ಣನನ್ನು ಮತ್ತೆ ಕರೆಯಲಿಲ್ಲ. ನಾನೂ ಆ ಕೆಲಸ ಬಿಡಲಿಲ್ಲ.

ಅಣ್ಣ ಈಗ ಅಜ್ಜಂಪುರದ ಸುತ್ತಮುತ್ತ ಸಣ್ಣಪುಟ್ಟ ಅಡುಗೆ ಒಪ್ಪಿಕೊಳ್ಳುತ್ತಾರೆ. ಸಹಾಯಕ್ಕೆ ಬೇರೆ ಯಾರನ್ನೋ ಕರೆದುಕೊಂಡು ಹೋಗುತ್ತಾರಂತೆ. ನಾನೂ ಬರಲಾ ಅಂತ ಕೇಳಲು ಎರಡು ಸಲ ಫೋನ್ ಕೈಗೆತ್ತಿಕೊಂಡೆ. ಕೇಳುವ ಮುಖ ಇರಲಿಲ್ಲ.